ಸಸೂನ್ ಮನೆತನದ ದಾನ: ಕಟ್ಟಿದ್ದು ಯಾರು, ಕಾಯುತ್ತಿರುವುದು ಯಾರು

‘ಕಪ್ಪು ಕುದುರೆ’ ಎಂದೇ ಅರ್ಥವಿರುವ ಮುಂಬಯಿಯ ಕಾಳಾ ಘೋಡಾದಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಕುದುರೆಯೇ ಇರಲಿಲ್ಲ. 1875ರಲ್ಲಿ ಬಂದುಹೋದ ವೇಲ್ಸ್ ರಾಜಕುಮಾರನ ನೆನಪಿಗೆಂದು 1879ರಲ್ಲಿ ನಿಲ್ಲಿಸಿದ್ದ ಕಂಚಿನ ಸವಾರನನ್ನು 1965ರಲ್ಲಿ ಕುದುರೆಸಮೇತ ಎತ್ತಿ ಬೈಕುಲಾದ ರಾಣಿಬಾಗಿಗೆ ಸಾಗಿಸಿದರು. 2017ರಲ್ಲಿ ಅದೇ ಪರಿಸರಕ್ಕೆ ಹೊಸ ಕುದುರೆ ಬಂತು, ಈ ಸಲ ಬೆನ್ನ ಮೇಲೆ ಯಾರೂ ಇಲ್ಲ. ಮುಂಬಯಿ ಬಲ್ಲವರಿಗೆ ಇಷ್ಟೆಲ್ಲ ಗೊತ್ತು. ಮೊದಲ ಮೂರ್ತಿಯ ಖರ್ಚು ಹೊತ್ತವನು ಆಲ್ಬರ್ಟ್ ಅಬ್ದುಲ್ಲಾ ಸಸೂನ್ ಎಂಬ ಬಾಗ್ದಾದಿ ಯೆಹೂದಿ ವ್ಯಾಪಾರಿ ಎಂಬುದು ಮಾತ್ರ ಅಷ್ಟಾಗಿ ಗೊತ್ತಿಲ್ಲ. ಕುದುರೆ ಮೊದಲು ನಿಂತಿದ್ದ ಜಾಗದಿಂದ ಕಣ್ಣು ಹಾಯಿಸಿದರೆ ಎದುರಿಗೆ ಅವನ ತಂದೆಯ ಹೆಸರಿನ ಗ್ರಂಥಾಲಯ. ಹಿಂದಿನ ಓಣಿಯಲ್ಲಿ ಅವನ ತಮ್ಮನ ಮಗ ಜೇಕಬ್ ಕಟ್ಟಿಸಿದ ಸಿನಗಾಗ್, ಅಂದರೆ ಯೆಹೂದಿಗಳ ಪ್ರಾರ್ಥನಾಮಂದಿರ. ಇನ್ನೂ ನಾಲ್ಕು ಹೆಜ್ಜೆ ಹೋದರೆ ಅದೇ ತಮ್ಮನ ಮಗ ಹತ್ತು ಲಕ್ಷ ಕೊಟ್ಟ ವಿಜ್ಞಾನ ಕಾಲೇಜು. ಕೊಲಾಬಾ ಕಡೆಗೆ ಮುಂದುವರಿದರೆ ಮೀನಿನ ವಾಸನೆಯೇ ದಾರಿ ತೋರಿಸುವ ಸಸೂನ್ ಡಾಕ್ ಎಂಬ ಹಡಗುಧಕ್ಕೆ.

ಒಂದು ಮನೆತನ ಒಂದು ನಗರಕ್ಕೆ ಇಷ್ಟು ಕೊಟ್ಟಿದೆ ಎಂದರೆ ‘ಮಹಾದಾನಿಗಳು’ ಎಂದು ಹೇಳಿ ಮುಗಿಸುವ ರೂಢಿ ನಮ್ಮಲ್ಲಿದೆ. ಇವರ ವಿಷಯದಲ್ಲಿ ಹಾಗೆ ಮುಗಿಸಿದರೆ ನೋಡಬೇಕಾದದ್ದೇ ತಪ್ಪಿಹೋಗುತ್ತದೆ. ಸಸೂನರ ದಾನಕ್ಕೆ ಒಂದು ಪದ್ಧತಿ ಇತ್ತು. ಹಣ ಬಂದ ದಾರಿ ಬೇರೆ, ಹೋದ ದಾರಿ ಬೇರೆ. ಕೊಟ್ಟದ್ದರಲ್ಲಿ ಯಾವುದು ಉಳಿಯಿತು, ಯಾವುದು ಸೊರಗಿತು ಎಂಬುದಂತೂ ಕೊಟ್ಟ ಮೊತ್ತಕ್ಕಿಂತ ಹೆಚ್ಚಾಗಿ, ಮುಂದೆ ವರ್ಷಾವರಿ ಖರ್ಚು ಯಾರ ತಲೆಗೆ ಬಿತ್ತು ಎಂಬುದರ ಮೇಲೆ ನಿಂತಿದೆ.

ಮೂಲಪುರುಷ ಡೇವಿಡ್ ಸಸೂನ್ ಹುಟ್ಟಿದ್ದು 1792ರಲ್ಲಿ, ಬಾಗ್ದಾದಿನಲ್ಲಿ. ತಂದೆ ಅಲ್ಲಿನ ಪಾಷಾನ, ಅಂದರೆ ತುರ್ಕಿ ಸುಲ್ತಾನನ ಪ್ರಾಂತಾಧಿಕಾರಿಯ, ಖಜಾಂಚಿ; ಯೆಹೂದಿ ಸಮುದಾಯದ ಮುಖಂಡ. ದಾವೂದ್ ಪಾಷಾನ ಆಳ್ವಿಕೆಯಲ್ಲಿ ಕಿರುಕುಳ ವಿಪರೀತವಾದಾಗ ಕುಟುಂಬ ಪರ್ಷಿಯಾದ ಬುಶೆಹರ್ ಬಂದರಿಗೆ ಓಡಿಬಂತು. 1832ರ ಹೊತ್ತಿಗೆ ಡೇವಿಡ್ ಮುಂಬಯಿಯಲ್ಲಿ ನೆಲೆಯೂರಿದ್ದ. ಅವನಿಗೆ ಎಂಟು ಗಂಡುಮಕ್ಕಳು. ಅವರನ್ನೇ ಬಂದರಿನಿಂದ ಬಂದರಿಗೆ ಕಳಿಸಿ ವ್ಯಾಪಾರ ಹಬ್ಬಿಸಿದ. ಎರಡನೆಯವನಾದ ಎಲಿಯಾಸ್ 1844ರಲ್ಲೇ ಚೀನಾಕ್ಕೆ ಹೋದ. ಅವರ ಪೇಢಿಯ, ಅಂದರೆ ವ್ಯಾಪಾರಿ ಸಂಸ್ಥೆಯ, ಪತ್ರವ್ಯವಹಾರ ಬಾಗ್ದಾದಿ ಯೆಹೂದಿಗಳ ಅರಬ್ಬಿಯಲ್ಲಿ, ಹೀಬ್ರೂ ಅಕ್ಷರದಲ್ಲಿ ನಡೆಯುತ್ತಿತ್ತು. ಹೊರಗಿನವನ ಕೈಗೆ ಕಾಗದ ಸಿಕ್ಕರೂ ದರ ಗೊತ್ತಾಗುವಂತಿರಲಿಲ್ಲ. 1853ರಲ್ಲಿ ಬ್ರಿಟಿಷ್ ಪ್ರಜೆಯಾದಾಗ ಡೇವಿಡ್ ಸಹಿ ಹಾಕಿದ್ದೂ ಹೀಬ್ರೂವಿನಲ್ಲೇ.

ಹಣ ಎಲ್ಲಿಂದ ಬಂತು? ಹತ್ತಿ, ನೂಲು, ಬಟ್ಟೆ, ಸಾಂಬಾರ ಪದಾರ್ಥಗಳ ಜೊತೆಗೆ ಅಫೀಮು. ಇದನ್ನು ಮೆಲುದನಿಯಲ್ಲಿ ಹೇಳಿ ಮುಂದೆ ಹೋಗುವ ಲೇಖನಗಳೇ ಜಾಸ್ತಿ. ಮಾಳವದಲ್ಲಿ ಬೆಳೆದ ಅಫೀಮು ಮುಂಬಯಿಗೆ ಬಂದು, ಪೆಟ್ಟಿಗೆಗೆ ಇಷ್ಟು ಎಂದು ಸರ್ಕಾರಕ್ಕೆ ಸುಂಕ ಕಟ್ಟಿ, ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿತ್ತು. ಎರಡನೆಯ ಅಫೀಮು ಯುದ್ಧದ ಒಪ್ಪಂದಗಳಿಂದ ಚೀನಾದಲ್ಲಿ ಅದರ ಆಮದು ಕಾನೂನುಬದ್ಧವಾದ ಮೇಲೆ ಸಸೂನರು ಬ್ರಿಟಿಷ್ ಪೇಢಿಗಳನ್ನು ಹಿಂದಿಕ್ಕಿದರು. ಅವರ ಉಪಾಯ ಸರಳ. ಬೇರೆಯವರು ಬಂದರಿಗೆ ಬಂದ ಮಾಲನ್ನು ಕೊಂಡರೆ, ಇವರು ಬೆಳೆ ಇನ್ನೂ ಹೊಲದಲ್ಲಿರುವಾಗಲೇ ದಲ್ಲಾಳಿಗಳ ಮೂಲಕ ಮುಂಗಡ ಕೊಟ್ಟು ಕಟ್ಟಿಹಾಕಿದರು. 1870ರ ದಶಕಕ್ಕೆ ಬರುವಾಗ ಭಾರತದಿಂದ ಹೋಗುವ ಅಫೀಮಿನ ದೊಡ್ಡ ಪಾಲು ಇವರ ಕೈಯಲ್ಲಿತ್ತು. ಆ ಕಾಲಕ್ಕೆ ಅದು ಕಾನೂನಿಗೆ ಒಪ್ಪಿದ ವ್ಯಾಪಾರ, ಸರ್ಕಾರದ ಬೊಕ್ಕಸವೂ ಅದರಿಂದಲೇ ತುಂಬುತ್ತಿತ್ತು. ಪಾರಸಿ, ಗುಜರಾತಿ, ಮಾರವಾಡಿ ಶೇಟ್‌ಗಳೂ ಅದರಲ್ಲಿದ್ದರು. ಹಾಗೆಂದು ಚೀನಾದ ಅಫೀಮು ಅಡ್ಡೆಗಳಲ್ಲಿ ಮಲಗಿದವರ ಲೆಕ್ಕ ಅಳಿಸಿಹೋಗುವುದಿಲ್ಲ. ಸಸೂನರು ಪುಣೆಯಲ್ಲಿ ಕಟ್ಟಿಸಿದ ಆಸ್ಪತ್ರೆಯ ಹಾಸಿಗೆ ಎಣಿಸುವವರು ಅದನ್ನೂ ಎಣಿಸಬೇಕು.

ಇದರ ಜೊತೆಗೆ 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧ. ಅಲ್ಲಿನ ಹತ್ತಿ ಇಂಗ್ಲೆಂಡಿನ ಲಂಕಶೈರ್ ಗಿರಣಿಗಳಿಗೆ ಹೋಗುವುದು ನಿಂತು, ಮುಂಬಯಿ ಪೇಟೆಗೆ ಚಿನ್ನದ ಮಳೆ ಸುರಿಯಿತು. ನಮ್ಮ ‘ಧಾರವಾಡ ಅಮೆರಿಕನ್’, ‘ಕುಮಟಾ’ ಹೆಸರಿನ ಹತ್ತಿ ತಳಿಗಳು ಲಿವರ್‌ಪೂಲ್ ದರಪಟ್ಟಿಯಲ್ಲಿ ಕಾಣುತ್ತಿದ್ದ ಕಾಲ ಅದು. ಯುದ್ಧ ಮುಗಿದ ವರ್ಷವೇ ಶೇರು ಹುಚ್ಚಿನಲ್ಲಿ ಮುಳುಗಿದ ಶೇಟ್‌ಗಳು ದಿವಾಳಿಯೆದ್ದರು. ಸಸೂನರು ನಿಂತುಕೊಂಡರು. ಈ ಮನೆತನದ ದೊಡ್ಡ ಕಟ್ಟಡಗಳಲ್ಲಿ ಹಲವು ಇದೇ ಹೊತ್ತಿನವು ಎಂಬುದು ಕಾಕತಾಳೀಯವಲ್ಲ.

ಇನ್ನು ಪದ್ಧತಿಯ ವಿಷಯ. ಪೇಢಿಯ ಪ್ರತಿ ವ್ಯವಹಾರದ ಮೇಲೆ ಶೇಕಡಾ ಕಾಲು ಭಾಗವನ್ನು ಧರ್ಮಕ್ಕೆಂದು ತೆಗೆದಿಡುತ್ತಿದ್ದರು: ಒಂದು ಲಕ್ಷದ ವ್ಯಾಪಾರಕ್ಕೆ 250 ರೂಪಾಯಿ. ನಮ್ಮ ಹುಬ್ಬಳ್ಳಿ, ಗದಗಿನ ಅಡತಿ ಅಂಗಡಿಗಳ ಹಳೆಯ ಪಟ್ಟಿಗಳಲ್ಲಿ ತೂಕ, ಹಮಾಲಿ, ದಲಾಲಿಯ ಕೆಳಗೆ ‘ಧರ್ಮಾದಾಯ’ ಎಂದು ಒಂದು ಸಾಲು ಇರುತ್ತಿತ್ತಲ್ಲ, ಅದೇ ಜಾತಿಯದು. ಇದರಲ್ಲಿ ಗಮನಿಸಬೇಕಾದದ್ದು, ಆ ಹಣ ಲಾಭದ ಮೇಲೆ ಅಲ್ಲ, ವ್ಯವಹಾರದ ಮೇಲೆ ಕಡಿಯುತ್ತಿದ್ದದ್ದು. ನಷ್ಟವಾದ ವರ್ಷವೂ ದಾನದ ಖಾತೆಗೆ ಜಮಾ ಆಗುತ್ತದೆ, ಯಜಮಾನನ ಮನಸ್ಸು ಬದಲಾದರೂ ಆಗುತ್ತದೆ. ಬಾಗ್ದಾದಿನಿಂದ ಬರಿಗೈಲಿ ಬಂದ ಯೆಹೂದಿಗಳಿಗೆ ಪೇಢಿಯಲ್ಲಿ ಕೆಲಸ, ಮಕ್ಕಳಿಗೆ ಶಾಲೆ, ಪ್ರಾರ್ಥನೆಗೆ ಜಾಗ, ಸತ್ತರೆ ಮಣ್ಣು, ಎಲ್ಲವೂ ಸಸೂನರ ಕಡೆಯಿಂದಲೇ ಸಿಗುತ್ತಿತ್ತು. ಧರ್ಮವೂ ಹೌದು, ನಿಷ್ಠಾವಂತ ಗುಮಾಸ್ತರನ್ನು ತಯಾರು ಮಾಡುವ ದಾರಿಯೂ ಹೌದು. ಹೀಬ್ರೂ ಅಕ್ಷರದ ಅರಬ್ಬಿ ಓದಬಲ್ಲ ನೌಕರ ಮುಂಬಯಿ ಪೇಟೆಯಲ್ಲಿ ಬೇರೆಲ್ಲಿ ಸಿಗಬೇಕು?

ಸಮುದಾಯದ ಆಚೆಗೆ ಕೊಡುವಾಗ ಇನ್ನೊಂದು ನಡೆ ಇತ್ತು: ಪೂರ್ತಿ ತಾವೇ ಕೊಡುವುದಿಲ್ಲ, ಒಂದು ದೊಡ್ಡ ಪಾಲು ಕೊಟ್ಟು ಉಳಿದದ್ದನ್ನು ಸರ್ಕಾರದ ಮೇಲೆ ಹಾಕುವುದು. ಕಾಳಾ ಘೋಡಾದ ಗ್ರಂಥಾಲಯವನ್ನೇ ನೋಡಿ. ಅದು ಸಸೂನರ ಕಲ್ಪನೆಯಲ್ಲ. 1847ರಲ್ಲಿ ಸರ್ಕಾರಿ ಟಂಕಸಾಲೆ ಮತ್ತು ಹಡಗುಕಟ್ಟೆಯ ಕೆಲವು ಯುವ ಮೆಕ್ಯಾನಿಕ್‌ಗಳು, ಫೋರ್‌ಮನ್‌ಗಳು ಸೇರಿ ಯಂತ್ರಗಳ ಮಾದರಿ, ಪುಸ್ತಕ, ಉಪನ್ಯಾಸಕ್ಕೆಂದು ಒಂದು ಸಂಸ್ಥೆ ಮಾಡಿಕೊಂಡಿದ್ದರು. ಅದಕ್ಕೆ ಸ್ವಂತ ಕಟ್ಟಡ ಬೇಕಾದಾಗ ಡೇವಿಡ್ ಸಸೂನ್ 60,000 ರೂಪಾಯಿ ಕೊಟ್ಟ. ಒಟ್ಟು ಖರ್ಚು 1,25,000, ಉಳಿದದ್ದು ಮುಂಬಯಿ ಸರ್ಕಾರದ್ದು. ಕಟ್ಟಡ 1870ರಲ್ಲಿ ಮುಗಿಯಿತು, ಹೆಸರು ಅವನದ್ದಾಯಿತು. ಅರ್ಧಕ್ಕಿಂತ ಕಡಿಮೆ ಕೊಟ್ಟು ಪೂರ್ತಿ ಹೆಸರು ಪಡೆದ ಎಂದು ಮೂಗು ಮುರಿಯಬಹುದು. ಆದರೆ ಸರ್ಕಾರದ ದುಡ್ಡು ಸೇರಿದ್ದರಿಂದ ಅದು ಒಂದು ಮನೆತನದ ಖಾಸಗಿ ಆಸ್ತಿಯಾಗಿ ಉಳಿಯಲಿಲ್ಲ, ಸದಸ್ಯರ ಚಂದಾದಿಂದ ನಡೆಯುವ ಸಂಸ್ಥೆಯಾಗಿಯೇ ಮುಂದುವರಿಯಿತು. ಮಲಾಡಿನ ಹಳದಿ ಕಲ್ಲಿನ ಕಮಾನುಗಳು, ಒಳಗೆ ಡೇವಿಡ್‌ನ ನಿಲುವಂಗಿ-ಮುಂಡಾಸಿನ ಪೂರ್ಣಾಕೃತಿ ಮೂರ್ತಿ, ಮೇಲಿನ ಪಡಸಾಲೆಯಲ್ಲಿ ಕಾಲು ಚಾಚಿ ಓದುವ ಉದ್ದ ಕೈಯ ಕುರ್ಚಿಗಳು, ಹಿಂದೆ ಒಂದು ತೋಟ. 2023ರಲ್ಲಿ ದುರಸ್ತಿ ಮುಗಿಸಿ ಮತ್ತೆ ತೆರೆದಿದ್ದಾರೆ.

ಪುಣೆಯ ಸಸೂನ್ ಆಸ್ಪತ್ರೆಯೂ ಇದೇ ದಾರಿ ಹಿಡಿದದ್ದು. 1863ರಲ್ಲಿ ಅಡಿಗಲ್ಲು, 1867ರಲ್ಲಿ ಆರಂಭ. ನಡುವೆ, 1864ರಲ್ಲಿ, ಡೇವಿಡ್ ಪುಣೆಯಲ್ಲೇ ತೀರಿಕೊಂಡ. ಜನ ‘ಲಾಲ್ ದೇವಳ’ ಎನ್ನುವ, ಅವನೇ ಕಟ್ಟಿಸಲು ತೊಡಗಿದ್ದ ಕೆಂಪು ಇಟ್ಟಿಗೆಯ ಒಹೆಲ್ ಡೇವಿಡ್ ಸಿನಗಾಗ್ ಆವರಣದಲ್ಲೇ ಅವನ ಸಮಾಧಿ ಇದೆ. ಆಸ್ಪತ್ರೆ ಮಾತ್ರ ಮೊದಲಿನಿಂದಲೂ ಸರ್ಕಾರದ ಕೈಯಲ್ಲಿತ್ತು. ಎಲ್ಲ ಜಾತಿ, ಮತದವರಿಗೆ ಬಾಗಿಲು ತೆರೆದಿತ್ತು. 1924ರ ಜನವರಿ 12ರ ರಾತ್ರಿ ಯೆರವಡಾ ಜೈಲಿನಿಂದ ಕರೆತಂದ ಗಾಂಧೀಜಿಯ ಅಪೆಂಡಿಸೈಟಿಸ್ ಶಸ್ತ್ರಕ್ರಿಯೆಯನ್ನು ಕರ್ನಲ್ ಮ್ಯಾಡಕ್ ಮಾಡಿದ್ದು ಇಲ್ಲೇ. ನಡುವೆ ಕರೆಂಟು ಹೋಗಿ, ಕೊನೆಯ ಭಾಗವನ್ನು ಲಾಟೀನು ಹಿಡಿದು ಮುಗಿಸಬೇಕಾಯಿತು. 1946ರಲ್ಲಿ ಬಿ.ಜೆ. ವೈದ್ಯಕೀಯ ಕಾಲೇಜು ಇದಕ್ಕೆ ಜೋಡಿಯಾಯಿತು. ಮೂಲ ಕಟ್ಟಡ ಇಂದು ದೊಡ್ಡ ಸಂಕೀರ್ಣದ ಒಂದು ಮೂಲೆ ಮಾತ್ರ. ಹಾಸಿಗೆ ಸಾಲದ, ವರಾಂಡದಲ್ಲೂ ರೋಗಿಗಳಿರುವ ಎಲ್ಲ ಸರ್ಕಾರಿ ಆಸ್ಪತ್ರೆಗಳ ಕಷ್ಟ ಇದಕ್ಕೂ ಇದೆ. ಆದರೂ ನಡೆಯುತ್ತಿದೆ, ಏಕೆಂದರೆ ಸಂಬಳ ಕೊಡುವ ಹೊಣೆ ಯಾವ ದತ್ತಿಯ ಬಡ್ಡಿಯನ್ನೂ ನಂಬಿಲ್ಲ.

ಈ ಮನೆತನದಲ್ಲಿ ಕಟ್ಟಡದ ಗೊಡವೆಯಿಲ್ಲದೆ ಊರಿಗೆ ಒದಗಿದವಳು ಫ್ಲೋರಾ ಸಸೂನ್. ಡೇವಿಡ್‌ನ ಮಗ ಸುಲೇಮಾನ್‌ನ ಹೆಂಡತಿ. 1894ರಲ್ಲಿ ಗಂಡ ತೀರಿಕೊಂಡಾಗ ಮುಂಬಯಿಯ ಪೇಢಿಯ ಆಡಳಿತವನ್ನೇ ಕೈಗೆತ್ತಿಕೊಂಡಳು. ಪೇಟೆಯ ಗಂಡಸರ ನಡುವೆ ಕೂತು ಹತ್ತಿಯ ದರ ಮಾತಾಡುವ ಹೆಂಗಸು ಆ ಕಾಲಕ್ಕೆ ಎಷ್ಟು ಜನ ಇದ್ದರು? 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಒಡೆಸ್ಸಾದಿಂದ ಬಂದ ಯೆಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಲಸಿಕೆ ತಯಾರಿಸಿ 1897ರ ಜನವರಿ 10ರಂದು ತನಗೇ ಚುಚ್ಚಿಕೊಂಡ. ಜನರಿಗೆ ಸೂಜಿಯ ಭಯ, ಸರ್ಕಾರದ ಮೇಲೆ ಅದಕ್ಕಿಂತ ದೊಡ್ಡ ಅನುಮಾನ. ಫ್ಲೋರಾ ಹಾಫ್‌ಕಿನ್‌ನ ಬೆಂಬಲಕ್ಕೆ ನಿಂತು, ತಾನೂ ಚುಚ್ಚಿಸಿಕೊಂಡು ಬೇರೆಯವರಿಗೆ ಧೈರ್ಯ ತುಂಬಿದಳು. ಈ ಲಸಿಕೆಯ ಕಥೆ ನಮ್ಮ ಕಡೆಗೂ ಬರುತ್ತದೆ. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ತಲೆಯೆತ್ತಿದಾಗ ಹತ್ತಾರು ಸಾವಿರ ಜನರಿಗೆ ಹಾಫ್‌ಕಿನ್ ಲಸಿಕೆ ಹಾಕಿದರು. ಒಂದೇ ಊರಿನಲ್ಲಿ ಅಷ್ಟು ದೊಡ್ಡ ಪ್ರಮಾಣದಲ್ಲಿ ನಡೆದ ಕೆಲಸವಾದ್ದರಿಂದ, ಲಸಿಕೆ ಫಲಿಸುತ್ತದೆಯೇ ಎಂಬ ಚರ್ಚೆಯಲ್ಲಿ ಹುಬ್ಬಳ್ಳಿಯ ಅಂಕಿಗಳು ಮತ್ತೆ ಮತ್ತೆ ಬರುತ್ತಿದ್ದವು. ಫ್ಲೋರಾ 1901ರಲ್ಲಿ ಲಂಡನ್ನಿಗೆ ಹೋದಳು.

ಒಳಗಿನ ಗೋಡೆಗಳ ಬಗ್ಗೆಯೂ ಹೇಳಬೇಕು. ಬಾಗ್ದಾದಿಗಳು ಬರುವ ಎಷ್ಟೋ ಶತಮಾನ ಮೊದಲೇ ಕೊಂಕಣದಲ್ಲಿ ಬೆನೆ ಇಸ್ರಾಯೇಲರಿದ್ದರು. ಮರಾಠಿ ಮಾತಾಡುವ, ಗಾಣದಲ್ಲಿ ಎಣ್ಣೆ ತೆಗೆಯುವ, ಯೆಹೂದಿಗಳ ವಿಶ್ರಾಂತಿ ದಿನವಾದ ಶನಿವಾರ ಗಾಣ ಕಟ್ಟದ ಕಾರಣ ‘ಶನಿವಾರ ತೇಲಿ’ ಎನಿಸಿಕೊಂಡ ಯೆಹೂದಿಗಳು. ಹೊಸಬರಿಗೆ ಆರಂಭದಲ್ಲಿ ಅವರೇ ತಮ್ಮ ಪ್ರಾರ್ಥನಾಸ್ಥಳ, ಸ್ಮಶಾನ ಎರಡನ್ನೂ ಬಿಟ್ಟುಕೊಟ್ಟರು. ಕೆಲವೇ ವರ್ಷಗಳಲ್ಲಿ ಬಾಗ್ದಾದಿಗಳು ಸ್ಮಶಾನದಲ್ಲಿ ನಡುಗೋಡೆ ಬೇಕೆಂದು ಸರ್ಕಾರಕ್ಕೆ ಅರ್ಜಿ ಹಾಕಿದರು. ಮುಂದಾಳುಗಳಲ್ಲಿ ಡೇವಿಡ್ ಸಸೂನನೂ ಇದ್ದ. ಬಣ್ಣ, ಮದುವೆ ಸಂಬಂಧ, ಶಾಸ್ತ್ರ ಎಲ್ಲ ನೆಪಗಳೂ ಇದ್ದವು. ಊರಿನ ಹಿಂದೂ-ಮುಸ್ಲಿಮರಿಗೆಲ್ಲ ಆಸ್ಪತ್ರೆ ಕಟ್ಟಿಸಿದವರು ಸ್ವಂತ ಮತದ ಬಡವರನ್ನು ಹೆಣವಾದ ಮೇಲೂ ದೂರ ಇಟ್ಟರು. ಜಾತಿಯ ನೆಲದಲ್ಲಿ ಬೇರುಬಿಟ್ಟವರಿಗೆ ಅದೂ ಬೇಗ ಬಂತು ಅನ್ನಬೇಕು.

ಸಸೂನ್ ಡಾಕ್ ದಾನವಲ್ಲ, ವ್ಯಾಪಾರ. ಆದರೂ ಊರಿಗೆ ಒದಗಿದ್ದು ದಾನಕ್ಕಿಂತ ಹೆಚ್ಚು. ಅದಕ್ಕೆ ಮೊದಲು ಮುಂಬಯಿಯಲ್ಲಿ ಹಡಗು ನಡುನೀರಿನಲ್ಲಿ ಲಂಗರು ಹಾಕಿ, ಹತ್ತಿಯ ಅಂಡಿಗೆಗಳನ್ನು ದೋಣಿಯಲ್ಲಿ ಸಾಗಿಸಿ ಏರಿಸಬೇಕಿತ್ತು. ಮಳೆಗಾಲದಲ್ಲಿ ಅದೂ ಕಷ್ಟ. ಆಲ್ಬರ್ಟ್ ಕೊಲಾಬಾದ ಪೂರ್ವ ತೀರದಲ್ಲಿ ಸಮುದ್ರ ತುಂಬಿಸಿ ಪಡೆದ ನೆಲದಲ್ಲಿ, ಬಾಗಿಲಿಟ್ಟು ನೀರು ಹಿಡಿದಿಡುವ ಡಾಕ್ ಕಟ್ಟಿಸಿದ. 1875ರಲ್ಲಿ ಮುಗಿದ ಅದು ಪಶ್ಚಿಮ ಭಾರತದಲ್ಲೇ ಮೊದಲನೆಯದು. ಭರತದ ಹೊತ್ತಿಗೆ ಬಾಗಿಲು ತೆರೆದು ಹಡಗು ಒಳಗೆ ಬಿಟ್ಟು ಮುಚ್ಚಿದರೆ, ಇಳಿತದಲ್ಲಿ ಹೊರಗೆ ನೀರು ಕೆಳಗಿಳಿದರೂ ಒಳಗಿನ ಹಡಗು ಧಕ್ಕೆಯ ಮಟ್ಟದಲ್ಲೇ ತೇಲುತ್ತದೆ. ಖಾಸಗಿಯವನೊಬ್ಬ ಮಾಡಿ ತೋರಿಸಿದ ಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. 1873ರಲ್ಲಿ ಹುಟ್ಟಿದ ಪೋರ್ಟ್ ಟ್ರಸ್ಟ್ 1879ರಲ್ಲಿ ಇದನ್ನು ಕೊಂಡುಕೊಂಡಿತು, ಮರುವರ್ಷವೇ ತನ್ನದೇ ಪ್ರಿನ್ಸೆಸ್ ಡಾಕ್ ತೆರೆಯಿತು. ದೊಡ್ಡ ಹಡಗುಗಳು ಅತ್ತ ತಿರುಗಿದವು. ಹತ್ತಿಯ ಜಾಗಕ್ಕೆ ಮೀನು ಬಂತು.

ಹೆಸರುಗಳ ಗೊಂದಲ ಇಲ್ಲೇ ಬಿಡಿಸಿಬಿಡುವುದು ಒಳ್ಳೆಯದು. ಮಹಾಲಕ್ಷ್ಮಿ ಹತ್ತಿರದ ಸಾತ್ ರಸ್ತಾ, ಅಂದರೆ ಜೇಕಬ್ ಸರ್ಕಲ್, ಜೇಕಬ್ ಸಸೂನನ ಹೆಸರಿನದಲ್ಲ; ಅದು ಲೆ ಗ್ರಾಂಡ್ ಜೇಕಬ್ ಎಂಬ ಸೇನಾಧಿಕಾರಿಯದು. 1906ರಲ್ಲಿ ಬ್ಯಾಂಕ್ ಆಫ್ ಇಂಡಿಯಾ ಸ್ಥಾಪಿಸಿದವರಲ್ಲಿ ಒಬ್ಬನಾದ ಸರ್ ಸಸೂನ್ ಡೇವಿಡ್ ಬೇರೆ ಮನೆಯವನು. ಬಾಗ್ದಾದಿ ಯೆಹೂದಿಯೇ, ನೆಂಟನೂ ಹೌದು, ಆದರೆ ಡೇವಿಡ್ ಸಸೂನನ ಮಗನಲ್ಲ. ಬೈಕುಲಾದ ಮಸೀನಾ ಆಸ್ಪತ್ರೆಯ ಹಳೆಯ ಬಂಗಲೆಯೂ ಸಸೂನರ ದಾನವಲ್ಲ, ಅವರು ವಾಸಿಸಿದ ಮನೆ. ಅವರ ಕೈಬಿಟ್ಟ ಮೇಲೆ ಆಸ್ಪತ್ರೆಯಾದದ್ದು.

1867ರಲ್ಲಿ ಎಲಿಯಾಸ್ ಅಣ್ಣನಿಂದ ಬೇರೆಯಾಗಿ ಇ.ಡಿ. ಸಸೂನ್ ಎಂಬ ಪ್ರತ್ಯೇಕ ಪೇಢಿ ತೆರೆದ. ಆಲ್ಬರ್ಟನ ಕಡೆಯವರು ಕ್ರಮೇಣ ಇಂಗ್ಲೆಂಡಿಗೆ ಹೋಗಿ ಅಲ್ಲಿನ ದೊಡ್ಡಮನುಷ್ಯರಾದರು. ಮುಂಬಯಿಯಲ್ಲಿ ಉಳಿದು ಗಿರಣಿ ಕಟ್ಟಿದವರು ಎಲಿಯಾಸನ ಕಡೆಯವರು. ಅವನ ಮಗ ಜೇಕಬ್ ತಂದೆಯ ನೆನಪಿಗೆ 1884ರಲ್ಲಿ ಫೋರ್ಟಿನಲ್ಲಿ ಕೆನೆಸೆತ್ ಎಲಿಯಾಹೂ ಸಿನಗಾಗ್ ಕಟ್ಟಿಸಿದ, ಬೈಕುಲಾದ ಮಾಗೆನ್ ಡೇವಿಡ್ ಸಿನಗಾಗನ್ನು ವಿಸ್ತರಿಸಿದ, ಅದೇ ಆವರಣದಲ್ಲಿ ಶಾಲೆ ನಡೆಸಿದ. ವಿಜ್ಞಾನ ಕಾಲೇಜಿಗೆ, ಇಂದಿನ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ಗೆ, 10 ಲಕ್ಷ ರೂಪಾಯಿ ಕೊಟ್ಟ. ದಾನಿಗಳಲ್ಲಿ ಅತಿ ದೊಡ್ಡ ಮೊತ್ತ ಅವನದೇ. ಅದೇ ಮನೆತನದ ಗಿರಣಿಗಳಲ್ಲಿ 1928ರ ಆರಂಭದಲ್ಲಿ ‘ದಕ್ಷತೆ’ಯ ಹೆಸರಿನಲ್ಲಿ ಒಬ್ಬ ಕಾರ್ಮಿಕನಿಗೆ ಹೆಚ್ಚು ಮಗ್ಗಗಳನ್ನು ಹೊರಿಸಿದಾಗ ಕೆಲಸಗಾರರು ಹೊರನಡೆದರು. ಆ ವರ್ಷದ ಮಹಾಮುಷ್ಕರದ ಬೀಜ ಅಲ್ಲಿತ್ತು. ಕೆಲವೇ ವರ್ಷಗಳಲ್ಲಿ ಜೇಕಬ್‌ನ ತಮ್ಮನ ಮಗ ವಿಕ್ಟರ್ ಸಸೂನ್ ಬಂಡವಾಳವನ್ನು ಶಾಂಘೈಗೆ ಸಾಗಿಸಿದ. 1943ರಲ್ಲಿ ಗಿರಣಿಗಳು ಕೈಬದಲಾಗಿ ಇಂಡಿಯಾ ಯುನೈಟೆಡ್ ಮಿಲ್ಸ್ ಆದವು. ದಾದರಿನ ಚೈತ್ಯಭೂಮಿಯ ಪಕ್ಕ ಅಂಬೇಡ್ಕರ್ ಸ್ಮಾರಕಕ್ಕೆ ಕೊಟ್ಟ ‘ಇಂದು ಮಿಲ್’ ಜಾಗ ಈ ಗುಂಪಿನ ಆರನೆಯ ಗಿರಣಿಯದು.

ಈಗ ಮೊದಲು ಎತ್ತಿದ ವರ್ಷಾವರಿ ಖರ್ಚಿನ ಮಾತಿಗೆ ಬರೋಣ. ಆ ಕಾಲದ ದತ್ತಿಗಳಿಗೆ ಆದಾಯ ಬರುತ್ತಿದ್ದದ್ದು ಸಾಮಾನ್ಯವಾಗಿ ಎರಡು ಕಡೆಯಿಂದ. ಒಂದು, ಸರ್ಕಾರಿ ಸಾಲಪತ್ರ. ಶೇಕಡಾ ಮೂರೂವರೆ ಬಡ್ಡಿಯ ಕಾಗದದಲ್ಲಿ ಒಂದು ಲಕ್ಷ ಇಟ್ಟರೆ ವರ್ಷಕ್ಕೆ 3,500 ರೂಪಾಯಿ. 1900ರಲ್ಲಿ ಅದು ಹಲವು ಮೇಷ್ಟ್ರುಗಳ ಸಂಬಳ. ಇವತ್ತು ಒಂದು ಸಭಾಂಗಣದ ಒಂದು ತಿಂಗಳ ಕರೆಂಟು ಬಿಲ್ಲಿಗೂ ಸಾಲದು. ಎರಡು, ಬಾಡಿಗೆ ಕಟ್ಟಡ. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿದ್ದರಿಂದ, ಫೋರ್ಟು, ಬೈಕುಲಾಗಳಲ್ಲಿ ಕೋಟ್ಯಂತರ ಬೆಲೆಯ ಆಸ್ತಿ ಹೊಂದಿದ ಟ್ರಸ್ಟುಗಳೂ ಸುಣ್ಣ ಬಳಿಸಲು ಪರದಾಡಿದವು. ಮಾರೋಣವೆಂದರೆ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ಚಾರಿಟಿ ಕಮಿಷನರ್ ಅನುಮತಿ ಬೇಕು. ಸ್ವಾತಂತ್ರ್ಯ ಮತ್ತು ಇಸ್ರೇಲಿನ ಹುಟ್ಟಿನ ನಂತರ ಬಾಗ್ದಾದಿಗಳು ಬಹುತೇಕ ಹೊರಟುಹೋದರು. ಪೂರ್ಣ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಬೇಕು, ಈಗ ಅಷ್ಟು ಕೂಡಿಸಲು ಬೆನೆ ಇಸ್ರಾಯೇಲರೂ ಬರಬೇಕು. ಸ್ಮಶಾನದ ಗೋಡೆಯ ಅರ್ಜಿ ಬರೆದವರು ಇದನ್ನು ಊಹಿಸಿರಲಾರರು. ಬೈಕುಲಾದ ಸಸೂನ್ ಶಾಲೆಯಲ್ಲಿ ಓದುವ ಮಕ್ಕಳಲ್ಲಿ ಬಹುಪಾಲು ಸುತ್ತಲಿನ ಮುಸ್ಲಿಂ ಮನೆಗಳವರು.

ಹಣ ಕಡಿಮೆಯಾದಾಗ ಮೊದಲು ಕೆಡುವುದು ಚಾವಣಿ. ಕೆನೆಸೆತ್ ಎಲಿಯಾಹೂವಿನಲ್ಲೂ ಆದದ್ದು ಅದೇ: ಮಳೆನೀರು ಇಳಿದು ಮರ, ಗಾರೆ ಎರಡೂ ಹಾಳಾಗಿದ್ದವು. ಇಂಥ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಆಗುವ ಇನ್ನೊಂದು ತಪ್ಪು, ಸುಣ್ಣದ ಗಾರೆಯ ಮೇಲೆ ಎಣ್ಣೆ ಬಣ್ಣ ಅಥವಾ ಸಿಮೆಂಟು. ಸುಣ್ಣದ ಗೋಡೆ ತೇವ ಹೀರಿ ಹೊರಗೆ ಬಿಡುತ್ತದೆ. ಮೇಲೆ ಬಣ್ಣದ ಪದರ ಕೂತರೆ ತೇವ ಒಳಗೇ ನಿಂತು, ಉಪ್ಪು ಹರಳುಗಟ್ಟಿ, ಗಾರೆ ಉಬ್ಬಿ ಕಳಚುತ್ತದೆ. ನೋಡಿದವರು ಮತ್ತೊಂದು ಕೋಟು ಬಣ್ಣ ಬಳಿಯುತ್ತಾರೆ, ರೋಗ ಹೆಚ್ಚುತ್ತದೆ. ಫೋರ್ಟಿನ ಸಿನಗಾಗಿನ ಪರಿಚಿತ ಆಕಾಶನೀಲಿ ಕೂಡ ಮೂಲದ್ದಲ್ಲ, ನಂತರ ಬಳಿದದ್ದು. 2019ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ಬಣ್ಣದ ಪದರಗಳನ್ನು ಕೆರೆದು ನೋಡಿ ಹೊರಗಿನ ಬಣ್ಣ ಬದಲಿಸಿದರು. ಒಳಗಿನ ಬಣ್ಣದ ಗಾಜು, ಮಿಂಟನ್ ಹೆಂಚುಗಳ ನೆಲ, ಎರಕದ ಕಬ್ಬಿಣದ ಕಂಬಗಳು ಮತ್ತೆ ಕಾಣುವಂತಾದವು. ಅದರ ಖರ್ಚು ಬಂದದ್ದು ಹಳೆಯ ದತ್ತಿಯಿಂದಲ್ಲ, ಇಂದಿನ ದಾನಿಗಳಿಂದ. ಅವರಲ್ಲಿ ಯೆಹೂದಿಯಲ್ಲದವರೂ ಇದ್ದರು.

ನೋಡಲು ಹೋಗುವವರಿಗೆ: ಮುಂಬಯಿಯ ಎರಡೂ ಸಿನಗಾಗ್‌ಗಳ ಮುಂದೆ ಪೊಲೀಸ್ ಕಾವಲಿದೆ, ಫೋಟೋ ಇರುವ ಗುರುತಿನ ಚೀಟಿ ಇಟ್ಟುಕೊಳ್ಳಿ. ಶನಿವಾರ ಹೋಗಬೇಡಿ. ಬೈಕುಲಾದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದೊಳಗೆ ಡೇವಿಡ್ ಸಸೂನ್ ಕೊಟ್ಟ ಪ್ರಿನ್ಸ್ ಆಲ್ಬರ್ಟ್ ಮೂರ್ತಿ ಇದೆ. ಪೀಠದ ಬರಹವನ್ನು ಸುತ್ತು ಬಂದು ನೋಡಿದರೆ ಹೀಬ್ರೂ ಅಕ್ಷರ ಸಿಗುತ್ತವೆ. ಸಸೂನ್ ಡಾಕ್‌ಗೆ ಬೆಳಕು ಹರಿಯುವ ಮೊದಲೇ ಹೋಗಬೇಕು, ಬಿಸಿಲೇರಿದರೆ ಹರಾಜು ಮುಗಿದು ಸಿಗಡಿ ಸುಲಿಯುವವರು ಮಾತ್ರ ಇರುತ್ತಾರೆ. ನೆಲ ಸದಾ ಒದ್ದೆ, ಜಾರುತ್ತದೆ, ರಬ್ಬರ್ ಚಪ್ಪಲಿಯೇ ಸರಿ. ಕ್ಯಾಮೆರಾ ಹೊರತೆಗೆಯುವ ಮೊದಲು ಗೇಟಿನಲ್ಲಿ ಕೇಳಿಕೊಳ್ಳಿ.